ಆಡು ಕೊಳ್ಳುವ ಮೊದಲು ಒಂದು ಹಾಳೆ ಲೆಕ್ಕ

ಎರಡು ವರ್ಷಗಳ ಹಿಂದಿನ ಮಾತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, ಅಚ್ಚುಕಟ್ಟಾಗಿ ರಟ್ಟು ಹಾಕಿಸಿದ ಯೋಜನಾ ವರದಿಯೊಂದನ್ನು ಮೇಜಿನ ಮೇಲಿಟ್ಟ. ಬೆಂಗಳೂರಿನ ನೌಕರಿ ಬಿಟ್ಟು ಶಿರಾ ತಾಲ್ಲೂಕಿನ ತನ್ನ ಹಳ್ಳಿಯಲ್ಲಿ ಆಡು ಸಾಕಣೆ ಆರಂಭಿಸುವುದು ಅವನ ಯೋಚನೆ. ನೂರು ಹೆಣ್ಣಾಡು, ಐದು ಹೋತ. 2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್ನಿನ ಪ್ರಕಾರ ಇಷ್ಟು ದೊಡ್ಡ ಘಟಕಕ್ಕೆ ಶೇ. 50ರಷ್ಟು, ಅಂದರೆ ಗರಿಷ್ಠ 10 ಲಕ್ಷ ರೂಪಾಯಿಗಳ ಬಂಡವಾಳ ಸಹಾಯಧನವಿದೆ. ಉಳಿದುದಕ್ಕೆ ಬ್ಯಾಂಕ್ ಸಾಲ. ಸಾಲಕ್ಕೆ ಅಡಮಾನ, ತಾಯಿಯ ಹೆಸರಿನಲ್ಲಿರುವ ಎರಡು ಎಕರೆ ಜಮೀನು. “ಸಾರ್, ನೀವೊಮ್ಮೆ ಲೆಕ್ಕ ನೋಡಿ ಸರಿಯಿದೆ ಅಂದರೆ ಸೋಮವಾರ ಬ್ಯಾಂಕಿಗೆ ಹೋಗ್ತೀನಿ” ಎಂದ.

ನಾನು ಭೌತಶಾಸ್ತ್ರದ ಮೇಷ್ಟ್ರು, ಪಶುವೈದ್ಯನಲ್ಲ. ಆಡುಗಳೊಡನೆ ನನ್ನ ಒಡನಾಟವೆಂದರೆ ಬೇಸಿಗೆ ರಜೆಯಲ್ಲಿ ಅಜ್ಜನ ಮನೆಯ ಹತ್ತಾರು ಆಡುಗಳನ್ನು ಗುಡ್ಡಕ್ಕೆ ಹೊಡೆದುಕೊಂಡು ಹೋಗುತ್ತಿದ್ದುದಷ್ಟೆ. ಆದರೆ ಅವನು ಕೇಳಿದ್ದು ಲೆಕ್ಕವನ್ನು. ಲೆಕ್ಕ ಯಾರದ್ದಾದರೂ ಲೆಕ್ಕವೇ. ಅಂದು ನಾವಿಬ್ಬರೂ ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಕುಳಿತೆವು. ಆ ಹಾಳೆಯಲ್ಲಿ ಏನಿತ್ತೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮಗೂ ಅಂಥ ಯೋಚನೆಯಿದ್ದರೆ ನೀವೂ ಪೆನ್ಸಿಲ್ ಹಿಡಿಯಿರಿ. ನನ್ನ ಅಂಕಿಗಳ ಜಾಗದಲ್ಲಿ ನಿಮ್ಮ ಊರಿನ ಅಂಕಿಗಳನ್ನು ಹಾಕಿಕೊಳ್ಳಿ.

ಆಡು ಸಾಕಣೆಯ ಬಗ್ಗೆ ಈಗಿರುವ ಉತ್ಸಾಹಕ್ಕೆ ಕಾರಣಗಳಿಲ್ಲದೆ ಇಲ್ಲ. 2012ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 48 ಲಕ್ಷ ಆಡುಗಳಿದ್ದವು. 2019ರ ಗಣತಿಯ ವೇಳೆಗೆ ಅದು 61 ಲಕ್ಷ ದಾಟಿತ್ತು. ಮಾಂಸಕ್ಕೆ ಬೇಡಿಕೆಯಿದೆ, ಬೆಲೆಯೂ ಇದೆ. ಸಂಶಯವಿರುವುದು ಬೇಡಿಕೆಯ ಬಗ್ಗೆ ಅಲ್ಲ.

ನೀರಿನಿಂದ ಹಿಂದಕ್ಕೆ ಎಣಿಸಿ

ಯೋಜನಾ ವರದಿಗಳೆಲ್ಲ ಹಣದಿಂದ ಆರಂಭವಾಗುತ್ತವೆ. ಇಷ್ಟು ಸಾಲ ಸಿಗುತ್ತದೆ, ಆದ್ದರಿಂದ ಇಷ್ಟು ಆಡು. ನಾವು ಇನ್ನೊಂದು ತುದಿಯಿಂದ ಹೊರಟೆವು. ಒಂದು ಆಡಿಗೆ ದಿನಕ್ಕೆ ಎಷ್ಟು ಮೇವು ಬೇಕು?

ಆಡು ದಿನವೊಂದಕ್ಕೆ ತನ್ನ ದೇಹತೂಕದ ಶೇ. 3ರಿಂದ 5ರಷ್ಟು ಒಣಪದಾರ್ಥವನ್ನು ತಿನ್ನುತ್ತದೆ. ಒಣಪದಾರ್ಥವೆಂದರೆ ಮೇವಿನಲ್ಲಿರುವ ನೀರನ್ನು ಕಳೆದು ಉಳಿಯುವ ಭಾಗ. ಹಸಿರು ಮೇವಿನಲ್ಲಿ ಇದು ಸುಮಾರು ಐದನೆಯ ಒಂದು ಪಾಲು ಮಾತ್ರ, ಮಿಕ್ಕಿದ್ದು ನೀರು. 30 ಕಿಲೋ ತೂಕದ ಹೆಣ್ಣಾಡಿಗೆ ಶೇ. 4ರಂತೆ 1.2 ಕಿಲೋ ಒಣಪದಾರ್ಥ ಬೇಕು. ಇಪ್ಪತ್ತು ಹೆಣ್ಣಾಡುಗಳಿಗೆ 24 ಕಿಲೋ. ಒಂದು ಹೋತಕ್ಕೆ 2 ಕಿಲೋ. ಅವುಗಳ ಜೊತೆ ವರ್ಷದುದ್ದಕ್ಕೂ ಸರಾಸರಿ ಇಪ್ಪತ್ತು ಮರಿಗಳಿರುತ್ತವೆ ಎಂದಿಟ್ಟುಕೊಂಡರೆ ಅವಕ್ಕೆ 10 ಕಿಲೋ. ಒಟ್ಟು ದಿನಕ್ಕೆ 36 ಕಿಲೋ. ಇದರಲ್ಲಿ ಮೂರನೆಯ ಎರಡು ಪಾಲು, ಅಂದರೆ 24 ಕಿಲೋ, ಹಸಿರು ಮೇವಿನಿಂದ ಬರಬೇಕಾದರೆ ದಿನಕ್ಕೆ 120 ಕಿಲೋ ಹಸಿರು ಬೇಕು. ವರ್ಷಕ್ಕೆ ಸುಮಾರು 44 ಟನ್. ಆಡು ಕಾಲಲ್ಲಿ ತುಳಿದ ಮೇವನ್ನು ಮತ್ತೆ ಮೂಸಿಯೂ ನೋಡುವುದಿಲ್ಲ. ಐದರಲ್ಲಿ ಒಂದು ಪಾಲು ಹೀಗೆ ವ್ಯರ್ಥವಾದರೆ 55 ಟನ್ ಬೆಳೆಯಬೇಕು.

ನೇಪಿಯರ್ ಹುಲ್ಲಿನ ಸಂಕರ ತಳಿಗಳು ಪ್ರಯೋಗ ತಾಕುಗಳಲ್ಲಿ ಇದರ ಎರಡರಷ್ಟು, ಮೂರರಷ್ಟು ಇಳುವರಿ ಕೊಡುತ್ತವೆ ನಿಜ. ಆದರೆ ಆಡು ಹುಲ್ಲು ಮೇಯುವ ಪ್ರಾಣಿಗಿಂತ ಹೆಚ್ಚಾಗಿ ಸೊಪ್ಪು ತರಿಯುವ ಪ್ರಾಣಿ. ಬರೀ ನೇಪಿಯರ್ ಹಾಕಿದರೆ ಅದರ ಮೈ ತುಂಬುವುದಿಲ್ಲ. ಬೇಲಿಮೆಂತೆ, ಅಗಸೆ, ಗ್ಲಿರಿಸಿಡಿಯಾ, ನುಗ್ಗೆ, ಸುಬಾಬುಲ್‌ಗಳೂ ಬೇಕು. (ಸುಬಾಬುಲ್‌ನಲ್ಲಿ ಮಿಮೋಸಿನ್ ಎಂಬ ವಿಷಪದಾರ್ಥವಿರುವುದರಿಂದ ಮೇವಿನ ಮೂರನೆಯ ಒಂದು ಪಾಲನ್ನು ಅದು ಮೀರಬಾರದು.) ಇವೆಲ್ಲ ಸೇರಿದ ರೈತನ ಹೊಲದಲ್ಲಿ ಎಕರೆಗೆ 55 ಟನ್ ಬಂದರೆ ಚೆನ್ನಾಗಿಯೇ ಬಂದಂತೆ. ಹಾಗಾಗಿ, ಇಪ್ಪತ್ತು ಹೆಣ್ಣಾಡುಗಳ ಸಂಸಾರಕ್ಕೆ ನೀರಾವರಿಯ ಒಂದು ಎಕರೆ.

ಈಗ ನೀರು. ಬೇಸಿಗೆಯಲ್ಲಿ ಮೇವಿನ ಬೆಳೆ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರನ್ನು ಬೇಡುತ್ತದೆ ಎನ್ನೋಣ. 5 ಮಿಲಿಮೀಟರ್ ಎಂದರೆ ಏನೂ ಅಲ್ಲ ಅನ್ನಿಸುತ್ತದೆ. ಉಗುರಿನ ಅರ್ಧದಷ್ಟೂ ಇಲ್ಲ. ಆದರೆ ಒಂದು ಎಕರೆ ಎಂದರೆ 4,047 ಚದರ ಮೀಟರ್. ಗುಣಿಸಿ ನೋಡಿ. ದಿನಕ್ಕೆ 20,000 ಲೀಟರ್! ಇಪ್ಪತ್ತು ಆಡುಗಳು ದಿನಕ್ಕೆ ಕುಡಿಯುವ ನೀರು ಹೆಚ್ಚೆಂದರೆ 100 ಲೀಟರ್. ಅವು ತಿನ್ನುವ ನೀರು ಅದರ ಇನ್ನೂರು ಪಟ್ಟು. “ಆಡಿಗೆ ನೀರು ಹೆಚ್ಚು ಬೇಕಿಲ್ಲ” ಎನ್ನುವವರು ಈ ಎರಡನೆಯ ನೀರನ್ನು ಎಣಿಸಿರುವುದಿಲ್ಲ.

ನನ್ನ ವಿದ್ಯಾರ್ಥಿಯ ಕೊಳವೆಬಾವಿ ಗಂಟೆಗೆ ಸುಮಾರು 4,000 ಲೀಟರ್ ಕೊಡುತ್ತಿತ್ತು. ಒಂದು ಎಕರೆಗೆ ಐದು ಗಂಟೆ. ಹಳ್ಳಿಯಲ್ಲಿ ತ್ರೀಫೇಸ್ ವಿದ್ಯುತ್ ಆರೇಳು ಗಂಟೆ ಬಂದರೆ ಒಂದೂಕಾಲು, ಒಂದೂವರೆ ಎಕರೆಗೆ ಮುಗಿಯಿತು. ಅವನ ನೂರು ಆಡುಗಳಿಗೆ ಬೇಕಾದುದು ಐದು ಎಕರೆ, ದಿನಕ್ಕೆ ಒಂದು ಲಕ್ಷ ಲೀಟರ್. ಇದ್ದದ್ದು ಎರಡು ಎಕರೆ, ಅದರಲ್ಲಿ ಒಂದು ಮಳೆಯಾಶ್ರಿತ. ವರದಿಯಲ್ಲಿ ಮೇವಿನ ಬಗ್ಗೆ ಇದ್ದುದು ಒಂದೇ ವಾಕ್ಯ: ಹಸಿರು ಮೇವನ್ನು ಸ್ವಂತ ಜಮೀನಿನಲ್ಲಿ ಬೆಳೆಯಲಾಗುವುದು. ನಾನು ಆ ವಾಕ್ಯದ ಕೆಳಗೆ ಗೆರೆ ಎಳೆದೆ. ಅವನು ಬಹಳ ಹೊತ್ತು ಸುಮ್ಮನಿದ್ದ.

“ಆಡು ಮುಟ್ಟದ ಸೊಪ್ಪಿಲ್ಲ” ಎಂಬ ಗಾದೆ ನಿಮಗೆ ನೆನಪಾಗುತ್ತಿರಬಹುದು. ಗಾದೆ ಸುಳ್ಳಲ್ಲ, ಆದರೆ ಅದು ಬಯಲಿನಲ್ಲಿ ಮೇಯುವ ಆಡಿನ ಗಾದೆ. ಕುರುಬರ, ಗೊಲ್ಲರ ಮಂದೆಗಳು ಹಲವು ಹರದಾರಿ ನಡೆದು ಕಾಡಂಚು, ಕೆರೆಯಂಗಳ, ಕೊಯ್ಲಾದ ಹೊಲಗಳಲ್ಲಿ ಮೇಯುತ್ತವೆ. ಆ ಮೇವಿಗೆ ಬಿಲ್ಲು ಬರುವುದಿಲ್ಲ. ಭೌತಶಾಸ್ತ್ರದಲ್ಲಿ ನಾವು ಯಾವುದೇ ಲೆಕ್ಕಕ್ಕೆ ಮೊದಲು ವ್ಯವಸ್ಥೆಯ ಸುತ್ತ ಒಂದು ಗಡಿ ಎಳೆಯುತ್ತೇವೆ. ಗಡಿಯೊಳಗೆ ಏನು ಬಂತು, ಏನು ಹೋಯಿತು ಎಂದು ನೋಡುತ್ತೇವೆ. ಗೊಲ್ಲರ ಮಂದೆಯ ಗಡಿ ಹತ್ತು ಊರುಗಳ ಬಯಲು. ಕೊಟ್ಟಿಗೆಯಲ್ಲಿ ಕಟ್ಟಿ ಸಾಕುವವರ ಗಡಿ ಅವರ ಬೇಲಿ. ಅವರ ಲಾಭವನ್ನು ನೋಡಿ ನಿಮ್ಮ ಲೆಕ್ಕ ಬರೆಯುವುದು ಸರಿಯಾಗದು.

ಇನ್ನೊಂದು ತಪ್ಪು ಎಣಿಕೆಯೂ ಚಾಲ್ತಿಯಲ್ಲಿದೆ. “ಒಂದು ಹಸುವಿನ ತೂಕ ಹದಿನಾರು ಆಡುಗಳ ತೂಕ, ಆದ್ದರಿಂದ ಹಸುವಿನ ಮೇವಿನಲ್ಲಿ ಹದಿನಾರು ಆಡು ಸಾಕಬಹುದು.” ಪ್ರಾಣಿಗಳು ಚಿಕ್ಕದಾದಷ್ಟೂ ಪ್ರತಿ ಕಿಲೋ ದೇಹತೂಕಕ್ಕೆ ಹೆಚ್ಚು ಶಕ್ತಿ ಬಳಸುತ್ತವೆ. ಶಕ್ತಿಯ ಅಗತ್ಯ ತೂಕದ ಮುಕ್ಕಾಲನೆಯ ಘಾತಕ್ಕೆ ಅನುಗುಣವಾಗಿರುತ್ತದೆ ಎಂದು 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ತೋರಿಸಿದರು. 400 ಕಿಲೋ ಹಸುವಿಗೂ 25 ಕಿಲೋ ಆಡಿಗೂ ತೂಕದ ಅನುಪಾತ 16. ಹದಿನಾರರ ಮುಕ್ಕಾಲನೆಯ ಘಾತವೆಂದರೆ 8. ಅಂದರೆ ಒಂದು ಹಸು ತಿನ್ನುವುದು ಎಂಟು ಆಡುಗಳ ಮೇವನ್ನು ಮಾತ್ರ. ಹಸು ಮಾರಿ ಆಡು ಕೊಳ್ಳಲು ಹೊರಟವರು ಇದನ್ನು ಗಮನಿಸಬೇಕು.

ಗುಣಾಕಾರದ ಮೋಸ

“ಆಡು ಎರಡು ವರ್ಷಕ್ಕೆ ಮೂರು ಬಾರಿ ಮರಿ ಹಾಕುತ್ತದೆ, ಪ್ರತಿ ಬಾರಿ ಎರಡು ಮರಿ.” ಇದು ಎಲ್ಲ ಕರಪತ್ರಗಳಲ್ಲೂ ಕಾಣುವ ಮಾತು. ಅಂದರೆ ವರ್ಷಕ್ಕೆ ಮೂರು ಮರಿ; ಇಪ್ಪತ್ತು ಆಡಿಗೆ ಅರವತ್ತು. ಆಡಿನ ಗರ್ಭಾವಧಿ ಸುಮಾರು 150 ದಿನ. ಬೆದೆ ಸುಮಾರು 21 ದಿನಗಳಿಗೊಮ್ಮೆ ಮರುಕಳಿಸುತ್ತದೆ. ಆದ್ದರಿಂದ ಎಂಟು ತಿಂಗಳಿಗೊಮ್ಮೆ ಮರಿ ಹಾಕುವುದು ಅಸಾಧ್ಯವೇನಲ್ಲ. ಆದರೆ ಒಂದು ಆಡು ಮಾಡಬಹುದಾದ ಅತ್ಯುತ್ತಮ ಸಾಧನೆಯನ್ನು ಇಡೀ ಮಂದೆಯ ಸರಾಸರಿ ಎಂದು ಬರೆಯುವುದು, ತರಗತಿಯ ಮೊದಲ ರ‍್ಯಾಂಕಿನ ಅಂಕವನ್ನು ತರಗತಿಯ ಸರಾಸರಿ ಎಂದಂತೆ.

ಸ್ವಲ್ಪವೇ ಇಳಿಸಿ ನೋಡೋಣ. ಎಂಟು ತಿಂಗಳಿನ ಬದಲು ಹತ್ತು ತಿಂಗಳಿಗೊಮ್ಮೆ ಸೂಲು, ಅಂದರೆ ವರ್ಷಕ್ಕೆ 1.2. ನೂರರಲ್ಲಿ ಹದಿನೈದು ಗಬ್ಬ ನಿಲ್ಲದೆ ಉಳಿಯುತ್ತವೆ: 0.85. ಕೆಲವಕ್ಕೆ ಅವಳಿ, ಕೆಲವಕ್ಕೆ ಒಂಟಿ: ಸರಾಸರಿ 1.5. ಹುಟ್ಟಿದ ನೂರು ಮರಿಗಳಲ್ಲಿ ಮಾರುವವರೆಗೆ ಉಳಿಯುವುದು ಎಂಬತ್ತೈದು: 0.85. ಯಾವುದೂ ಕೆಟ್ಟ ಅಂಕಿಯಲ್ಲ. ನಾಲ್ಕನ್ನೂ ಗುಣಿಸಿದರೆ 1.3. ಮೂರರ ಅರ್ಧವೂ ಇಲ್ಲ. ಇಪ್ಪತ್ತು ಆಡಿಗೆ 26 ಮರಿ.

ಅದರಲ್ಲಿ ನಾಲ್ಕು ಹೆಣ್ಣು ಮರಿಗಳನ್ನು ಮಂದೆಗೇ ಉಳಿಸಿಕೊಳ್ಳಬೇಕು. ವರ್ಷಕ್ಕೆ ಒಂದು ದೊಡ್ಡ ಆಡು ಸಾಯುತ್ತದೆ, ಮೂರು ವಯಸ್ಸಾಗಿ ಅಥವಾ ಬಂಜೆಯಾಗಿ ಹೊರಹೋಗುತ್ತವೆ. ಹಾಗಾಗಿ ಮಾರಲು ಸಿಗುವುದು 22 ಮರಿ, ಮೂರು ದೊಡ್ಡ ಆಡು. ಒಂಬತ್ತು ತಿಂಗಳ ಮರಿ 20 ಕಿಲೋ, ಹಳೆಯ ಆಡು 28 ಕಿಲೋ ತೂಗಿದರೆ ಒಟ್ಟು ಸುಮಾರು 525 ಕಿಲೋ ಜೀವಂತ ತೂಕ.

ಇದು ಯಾವಾಗ ಕೈಸೇರುತ್ತದೆ? ತಂದ ಆಡು ಹೊಸ ಜಾಗಕ್ಕೆ ಹೊಂದಿ ಬೆದೆಗೆ ಬಂದು ಗಬ್ಬವಾಗಲು ಎರಡು ತಿಂಗಳು, ಗರ್ಭ ಐದು ತಿಂಗಳು, ಮರಿ ಬೆಳೆಯಲು ಒಂಬತ್ತು. ಹದಿನಾರು ತಿಂಗಳು ಮನೆಗೆ ಒಂದು ರೂಪಾಯಿ ಬರುವುದಿಲ್ಲ. ಖರ್ಚು ಮಾತ್ರ ಮೊದಲ ದಿನದಿಂದಲೇ ಆರಂಭ. ಸಹಾಯಧನ ದುಡಿಯುವ ಬಂಡವಾಳಕ್ಕೆ ಸಿಗುವುದಿಲ್ಲ ಎಂಬುದನ್ನು ನೆನಪಿಡಿ. ನನಗೆ ತಿಳಿದಂತೆ ಮುಚ್ಚಿಹೋದ ಫಾರಂಗಳಲ್ಲಿ ಹಲವು, ಆಡು ಸತ್ತು ಮುಚ್ಚಿದವಲ್ಲ. ಹತ್ತನೆಯ ತಿಂಗಳಲ್ಲಿ ಹಿಂಡಿ ಕೊಳ್ಳಲು ಕಾಸಿಲ್ಲದೆ ಗಬ್ಬದ ಆಡನ್ನೇ ಮಾರಿ ಮುಚ್ಚಿದವು.

ರೂಪಾಯಿಯ ಬದಲು ಕಿಲೋ

ರೂಪಾಯಿ ಲೆಕ್ಕದ ತೊಂದರೆಯೆಂದರೆ ಅದು ಬೇಗ ಹಳತಾಗುತ್ತದೆ, ಮತ್ತು ದೊಡ್ಡ ಅಂಕಿಗಳು ಕಣ್ಣು ಕುಕ್ಕುತ್ತವೆ. ಆದ್ದರಿಂದ ನಾವು ಏಕಮಾನವನ್ನೇ ಬದಲಿಸಿದೆವು. ಪ್ರತಿ ಖರ್ಚನ್ನೂ “ಎಷ್ಟು ಕಿಲೋ ಆಡು” ಎಂದು ಬರೆದೆವು. ಜೀವಂತ ತೂಕದ ಕಿಲೋಗೆ 400 ರೂಪಾಯಿ ಎಂದಿಟ್ಟುಕೊಂಡೆವು. ನಿಮ್ಮ ಸಂತೆಯ ದರ ಬೇರೆಯಿದ್ದರೆ ಅದನ್ನೇ ಹಾಕಿ.

ದೊಡ್ಡ ಆಡಿಗೆ ದಿನಕ್ಕೆ 200 ಗ್ರಾಂ, ಮರಿಗೆ 100 ಗ್ರಾಂ ಹಿಂಡಿ ಮಿಶ್ರಣ ಕೊಟ್ಟರೆ ದಿನಕ್ಕೆ ಸುಮಾರು 6 ಕಿಲೋ. ಕಿಲೋಗೆ 30 ರೂಪಾಯಿಯಂತೆ ವರ್ಷಕ್ಕೆ 68,000 ರೂಪಾಯಿ. ಅಂದರೆ 170 ಕಿಲೋ ಆಡು. ತೊಗರಿ ಹೊಟ್ಟು, ಶೇಂಗಾ ಹೊಟ್ಟು ಮುಂತಾದ ಒಣಮೇವು ಕಿಲೋಗೆ 8 ರೂಪಾಯಿಯಂತೆ ದಿನಕ್ಕೆ 6 ಕಿಲೋ: 45 ಕಿಲೋ ಆಡು. ಔಷಧಿ, ಲಸಿಕೆ, ಖನಿಜ ಮಿಶ್ರಣ, ವಿಮೆ ಸೇರಿ 20,000 ರೂಪಾಯಿ: 50 ಕಿಲೋ. ಒಟ್ಟು 265. ಉಳಿದದ್ದು 260 ಕಿಲೋ. ಅರ್ಧ ಮಂದೆಯನ್ನು ಮಂದೆಯೇ ತಿಂದಿತು. ಆಡು ಕೊಳ್ಳಲು ಹಾಕಿದ ಹಣಕ್ಕೆ ಶೇ. 10ರಂತೆ ಬಡ್ಡಿ ಇನ್ನೊಂದು 65 ಕಿಲೋ.

ಇನ್ನು ಶೆಡ್ಡು. ದೊಡ್ಡ ಆಡಿಗೆ ಒಂದು ಚದರ ಮೀಟರ್, ಹೋತಕ್ಕೆ ಎರಡು, ಮರಿಗೆ ಅರ್ಧ. ಒಟ್ಟು 32 ಚದರ ಮೀಟರ್, ಅಂದರೆ ಸುಮಾರು 350 ಚದರಡಿ. ನೆಲದಿಂದ ಎತ್ತರಿಸಿ, ಹಿಕ್ಕೆ ಕೆಳಗೆ ಬೀಳುವಂತೆ ಪಟ್ಟಿ ಹಾಸಿದ ಅಟ್ಟಣಿಗೆ ಶೆಡ್ಡಿಗೆ ಮೂರು ಲಕ್ಷ ರೂಪಾಯಿ ಹಿಡಿಯಿತೆನ್ನಿ. ಹತ್ತು ವರ್ಷ ಬಾಳಿದರೆ ವರ್ಷಕ್ಕೆ 75 ಕಿಲೋ ಸವಕಳಿ, ಇನ್ನು 75 ಕಿಲೋ ಬಡ್ಡಿ. ಆಗ ಕೊನೆಗೆ ಉಳಿಯುವುದು 45 ಕಿಲೋ. 18,000 ರೂಪಾಯಿ. ವರ್ಷವೊಂದರ ದುಡಿಮೆಗೆ! ಅದೇ ಜಾಗದಲ್ಲಿ ಮೊರಂ ಹಾಕಿ ಗಟ್ಟಿ ಮಾಡಿದ ನೆಲ, ಕಲ್ಲುಕಂಬ, ಸಾದಾ ಚಾವಣಿಯ ಒಂದು ಲಕ್ಷದ ಕೊಟ್ಟಿಗೆ ಕಟ್ಟಿದರೆ ಶೆಡ್ಡಿನ ಭಾರ 50 ಕಿಲೋಗೆ ಇಳಿಯುತ್ತದೆ. ಉಳಿಕೆ 145 ಕಿಲೋ, ಅಂದರೆ 58,000 ರೂಪಾಯಿ.

ಅಟ್ಟಣಿಗೆ ತಪ್ಪೆಂದು ನಾನು ಹೇಳುತ್ತಿಲ್ಲ. ಮಲೆನಾಡು, ಕರಾವಳಿಗಳಲ್ಲಿ ನಾಲ್ಕು ತಿಂಗಳು ನೆಲ ಒಣಗುವುದೇ ಇಲ್ಲ. ಅಲ್ಲಿ ಕೊಳೆತ ಗೊರಸು, ಜಂತುಹುಳುಗಳ ಕಾಟ ತಪ್ಪಿಸಲು ಅದು ಬೇಕೇಬೇಕು. ಶಿರಾ, ಚಿತ್ರದುರ್ಗ, ಕೊಪ್ಪಳದಂಥ ಒಣನಾಡಿನಲ್ಲಿ ಅದನ್ನು ಕಟ್ಟಿಸುವುದು ಹೆಚ್ಚಾಗಿ ನೋಡಲು ಬರುವವರಿಗಾಗಿ. ದುಡ್ಡು ಬೇಡದ ಎರಡು ಅಂಶಗಳಿವೆ. ಕೊಟ್ಟಿಗೆಯ ಉದ್ದ ಪೂರ್ವ ಪಶ್ಚಿಮವಾಗಿರಲಿ. ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಆಗ ಕಿರಿಯ ಗೋಡೆಗಳಿಗೆ ಮಾತ್ರ ಹೊಡೆಯುತ್ತದೆ. ಗಾಳಿಯಾಟ ಸಾಲುತ್ತಿದೆಯೇ ಎಂದು ನೋಡಲು ನಿಂತು ಮೂಸಬೇಡಿ, ಕುಳಿತು ಮೂಸಿ. ಮೂತ್ರದಿಂದ ಏಳುವ ಅಮೋನಿಯ ಗಾಳಿಗಿಂತ ಹಗುರವೇ ಆದರೂ (ಅಣುತೂಕ 17, ಗಾಳಿಯ ಸರಾಸರಿ 29) ಅದರ ಮೂಲ ನೆಲದಲ್ಲಿರುವುದರಿಂದ ಮರಿಯ ಮೂಗಿನ ಮಟ್ಟದಲ್ಲೇ ಅದು ಹೆಚ್ಚು ಸಾಂದ್ರ.

ಈ ಲೆಕ್ಕದಲ್ಲಿ ಕೂಲಿ ಸೇರಿಲ್ಲ. ತಿಂಗಳಿಗೆ 12,000 ರೂಪಾಯಿಗೆ ಒಬ್ಬನನ್ನಿಟ್ಟರೆ ವರ್ಷಕ್ಕೆ 360 ಕಿಲೋ. ಒಂದು ಹೆಣ್ಣಾಡಿನಿಂದ ಉಳಿಯುವುದು ಏಳೂಕಾಲು ಕಿಲೋ. ಭಾಗಿಸಿ ನೋಡಿದರೆ, ಒಬ್ಬ ಕೆಲಸಗಾರನ ಸಂಬಳಕ್ಕೇ ಐವತ್ತು ಹೆಣ್ಣಾಡು ದುಡಿಯಬೇಕು. ಐವತ್ತು ಆಡಿಗೆ ಎರಡೂವರೆ ಎಕರೆ ನೀರಾವರಿ. ಇಪ್ಪತ್ತು ಆಡು, ಮನೆಯವರದೇ ದುಡಿಮೆ, ಜೊತೆಗೆ ಬೇರೆ ಆದಾಯ ಇದ್ದರೆ ಇದು ಒಳ್ಳೆಯ ಕಸುಬು. ಊರಿಗೆ ವಾರಕ್ಕೊಮ್ಮೆ ಬಂದು ಹೋಗುವ ಮಾಲೀಕನಿಗೆ ಅಲ್ಲ. ಗೊಬ್ಬರದ ಆದಾಯವನ್ನು ನಾನು ಬರೆದಿಲ್ಲ, ಏಕೆಂದರೆ ಅದು ಮೇವಿನ ಎಕರೆಗೇ ಹಿಂದಿರುಗಬೇಕು.

ಯಾವ ಅಂಕಿ ಮುಖ್ಯ?

ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಹೇಳುವುದುಂಟು. ಎಲ್ಲ ಅಳತೆಗಳ ತಪ್ಪೂ ಒಂದೇ ತೂಕದ್ದಲ್ಲ. ಫಲಿತಾಂಶವನ್ನು ಹೆಚ್ಚು ಅಲುಗಾಡಿಸುವುದು ಯಾವುದೆಂದು ಹುಡುಕಿ. ಇಲ್ಲೂ ಹಾಗೇ ಮಾಡಿದೆವು. ಮೇವು, ಹಿಂಡಿಗಳ ಬೆಲೆ ಶೇ. 10 ಏರಿದರೆ 145 ಕಿಲೋದಲ್ಲಿ ಸುಮಾರು 21 ಕಿಲೋ ಕಡಿಮೆಯಾಗುತ್ತದೆ. ಅದೇ, ಮರಿಗಳ ಉಳಿವು 0.85ರಿಂದ 0.70ಕ್ಕೆ ಇಳಿದರೆ 92 ಕಿಲೋ ಹೋಗುತ್ತದೆ. ಮೂವತ್ತು ಮರಿಗಳಲ್ಲಿ ನಾಲ್ಕೈದು ಹೆಚ್ಚಿಗೆ ಸತ್ತರೆ ವರ್ಷದ ಉಳಿಕೆಯ ಮೂರನೆಯ ಎರಡು ಭಾಗ ಮಾಯ. ಉಳಿವು 0.95ಕ್ಕೆ ಏರಿದರೆ 60 ಕಿಲೋ ಹೆಚ್ಚು.

ಹಾಗಾದರೆ ಫಾರಂ ನಿಂತಿರುವುದು ಜಮುನಾಪಾರಿಯೋ, ಬೋಯರ್ರೋ ಎಂಬ ತಳಿಯ ಹೆಸರಿನ ಮೇಲಲ್ಲ, ಹುಟ್ಟಿದ ಮರಿಯ ಮೊದಲ ಕೆಲವು ದಿನಗಳ ಮೇಲೆ. ಎರಡು ಕಿಲೋದ ಒದ್ದೆ ಮರಿಗೆ, ತೂಕದ ಪ್ರತಿ ಕಿಲೋಗೆ, ತಾಯಿಗಿಂತ ಸುಮಾರು ಎರಡೂವರೆ ಪಟ್ಟು ಚರ್ಮವಿರುತ್ತದೆ. ಶಾಖ ಸೋರಿಹೋಗುವುದು ಚರ್ಮದ ಮೂಲಕ. ಒದ್ದೆಯಾಗಿದ್ದರೆ ನೀರು ಆವಿಯಾಗುತ್ತಾ ಇನ್ನಷ್ಟು ಶಾಖವನ್ನು ಒಯ್ಯುತ್ತದೆ. ತಾಯಿ ನೆಕ್ಕದಿದ್ದರೆ ಒಣಬಟ್ಟೆಯಿಂದ ಒರೆಸಿ. ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ. ಗಿಣ್ಣುಹಾಲನ್ನು ಮೊದಲ ಒಂದೆರಡು ಗಂಟೆಯೊಳಗೇ ಕುಡಿಸಿ. ಮೊದಲ ದಿನದಲ್ಲಿ ಮರಿಯ ತೂಕದ ಹತ್ತನೆಯ ಒಂದು ಪಾಲಾದರೂ ಹೊಟ್ಟೆಗೆ ಸೇರಬೇಕು. ರೋಗನಿರೋಧಕ ಪ್ರೋಟೀನುಗಳನ್ನು ಮರಿಯ ಕರುಳು ಹಾಗೆಯೇ ಹೀರಿಕೊಳ್ಳುವುದು ಮೊದಲ ಒಂದು ದಿನ ಮಾತ್ರ. ಗಂಟೆ ಕಳೆದಂತೆ ಆ ಬಾಗಿಲು ಮುಚ್ಚುತ್ತಾ ಹೋಗುತ್ತದೆ. ಇವಕ್ಕೆಲ್ಲ ಖರ್ಚು ಹತ್ತಿಪ್ಪತ್ತು ರೂಪಾಯಿ. ಆದರೆ ರಾತ್ರಿ ಎರಡು ಗಂಟೆಗೆ ಯಾರಾದರೂ ಎದ್ದಿರಬೇಕು. ಯೋಜನಾ ವರದಿಯಲ್ಲಿ ಇದಕ್ಕೊಂದು ಕಾಲಂ ಇರುವುದಿಲ್ಲ.

ಎಲ್ಲಿಂದ ತರುವುದು?

ಸಂತೆಯಲ್ಲಿ ಒಳ್ಳೆಯ ಹರೆಯದ ಹೆಣ್ಣಾಡನ್ನು ನೋಡಿದಾಗ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಇದು ಇಲ್ಲಿಗೇಕೆ ಬಂತು? ಚೆನ್ನಾಗಿ ಮರಿ ಹಾಕುವ ಆಡನ್ನು ಯಾರೂ ಸುಮ್ಮನೆ ಮಾರುವುದಿಲ್ಲ. ಹಣದ ತುರ್ತಿರಬಹುದು, ಗಬ್ಬ ನಿಲ್ಲದಿರಬಹುದು, ಮನೆಯ ಮಂದೆಯಲ್ಲಿ ಕೆಮ್ಮು, ಭೇದಿ ಶುರುವಾಗಿರಬಹುದು.

ಕೊನೆಯ ಸಾಧ್ಯತೆಯೇ ಭಯಂಕರವಾದದ್ದು. ಪಿ.ಪಿ.ಆರ್. ಎಂದು ಹೆಸರಾದ ಆಡು ಕುರಿಗಳ ಪ್ಲೇಗು 1942ರಲ್ಲಿ ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್‌ನಲ್ಲಿ ಗುರುತಿಸಲ್ಪಟ್ಟು, ಭಾರತದಲ್ಲಿ 1987ರಲ್ಲಿ ತಮಿಳುನಾಡಿನಲ್ಲಿ ಮೊದಲು ವರದಿಯಾಯಿತು. ಹೊಸ ಮಂದೆಗೆ ಹೊಕ್ಕರೆ ಅರ್ಧಕ್ಕಿಂತ ಹೆಚ್ಚು ಆಡುಗಳನ್ನು ಅದು ಕೊಂಡೊಯ್ಯಬಲ್ಲದು. ಲಸಿಕೆಯಿದೆ, ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ರಕ್ಷಣೆ. ಆದರೆ ಸೋಂಕು ಆಗಲೇ ತಗುಲಿದ ಆಡಿಗೆ ಅದು ಪ್ರಯೋಜನವಿಲ್ಲ.

ಒಂದು ಸರಳ ಸಂಭವನೀಯತೆಯ ಲೆಕ್ಕ ಮಾಡೋಣ. ಒಂದು ಮನೆಯ ಮಂದೆಯಲ್ಲಿ ಸೋಂಕಿರುವ ಸಾಧ್ಯತೆ ಶೇ. 3 ಮಾತ್ರ ಎಂದುಕೊಳ್ಳಿ. ಇಪ್ಪತ್ತು ಆಡನ್ನು ಇಪ್ಪತ್ತು ಮನೆಗಳಿಂದ ಬಂದ ಸಂತೆಯಲ್ಲಿ ಕೊಂಡರೆ, ಎಲ್ಲವೂ ಶುದ್ಧವಾಗಿರುವ ಸಾಧ್ಯತೆ 0.97ರ ಇಪ್ಪತ್ತನೆಯ ಘಾತ, ಅಂದರೆ 0.54. ರೋಗ ನಿಮ್ಮ ಕೊಟ್ಟಿಗೆ ಹೊಕ್ಕುವ ಸಾಧ್ಯತೆ ಶೇ. 46, ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ. ಅದೇ ಇಪ್ಪತ್ತನ್ನು ಎರಡು ಮನೆಗಳಿಂದ ತಂದರೆ ಶೇ. 6. ಹಾಗಾಗಿ ಊರೂರು ತಿರುಗಿ, ಮಂದೆಯನ್ನು ಕಣ್ಣಾರೆ ಕಂಡು, ಒಂದೆರಡು ಮನೆಗಳಿಂದಲೇ ತನ್ನಿ. ತಂದ ಮೇಲೂ ಒಂದು ತಿಂಗಳು ಬೇರೆ ಜಾಗದಲ್ಲಿ ಕಟ್ಟಿ. ಪಶುವೈದ್ಯರಿಂದ ಪಿ.ಪಿ.ಆರ್., ಕರುಳುಬೇನೆ, ಕಾಲುಬಾಯಿ ಜ್ವರದ ಲಸಿಕೆಗಳ ವೇಳಾಪಟ್ಟಿ ಬರೆಸಿಕೊಳ್ಳಿ. ಗರ್ಭ ಕಳಚುವ ಬ್ರುಸೆಲ್ಲೋಸಿಸ್ ಕಾಯಿಲೆ ಮನುಷ್ಯರಿಗೂ ತಗಲುತ್ತದೆ; ಕಂದು ಹಾಕಿದ ಆಡನ್ನು ಬರಿಗೈಯಲ್ಲಿ ಮುಟ್ಟಬೇಡಿ.

ತಳಿಯ ವಿಷಯದಲ್ಲಿ ನನ್ನದು ಸ್ವಲ್ಪ ಹಳೆಯ ಕಾಲದ ಅಭಿಪ್ರಾಯ. ನಿಮ್ಮ ಸೀಮೆಯ ಬಿಸಿಲಿಗೆ, ಮೇವಿಗೆ ಒಗ್ಗಿದ ಆಡು ಮೊದಲು. ನಮ್ಮಲ್ಲಿ ನಂದಿದುರ್ಗ, ಬೀದರಿ ಎಂಬ ಎರಡು ಆಡು ತಳಿಗಳನ್ನು ಕರ್ನಾಲದ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಬ್ಯೂರೋ ನೋಂದಾಯಿಸಿದೆ. ಉತ್ತರದ ಜಿಲ್ಲೆಗಳಲ್ಲಿ ಉಸ್ಮಾನಾಬಾದಿಯೂ ಚೆನ್ನಾಗಿ ಒಗ್ಗಿದೆ. ದೂರದ ದೊಡ್ಡ ತಳಿಯ ಹೋತವೊಂದನ್ನು ಎರಡನೆಯ ವರ್ಷ ಬೇಕಾದರೆ ತನ್ನಿ.

ಸಂತೆ, ಹಬ್ಬ, ಚಂದ್ರ

ಆಡು ಕೊಳ್ಳುವ ಮೊದಲು ಒಂದೆರಡು ತಿಂಗಳು ಸುಮ್ಮನೆ ಸಂತೆಗೆ ಹೋಗಿಬನ್ನಿ. ಅಮೀನಗಡದಂಥ ದೊಡ್ಡ ಸಂತೆಯಾದರೂ ಸರಿ, ಹೋಬಳಿಯ ಸಣ್ಣ ಸಂತೆಯಾದರೂ ಸರಿ. ಕೈಯಲ್ಲೊಂದು ದರ್ಜಿಯ ಟೇಪು ಇರಲಿ. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವ ದಲ್ಲಾಳಿಗಳ ಕಣ್ಣಂದಾಜು ಕಿಲೋಗೆ ಸರಿಯಾಗಿರುತ್ತದೆ, ನಿಮ್ಮದು ಇರುವುದಿಲ್ಲ. ಆಡಿನ ಎದೆಯ ಸುತ್ತಳತೆಯನ್ನು, ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 10,800ರಿಂದ ಭಾಗಿಸಿ. ಸುತ್ತಳತೆ 65, ಉದ್ದ 60 ಇದ್ದರೆ ತೂಕ ಸುಮಾರು ಇಪ್ಪತ್ತಮೂರೂವರೆ ಕಿಲೋ. ಈ ಸೂತ್ರ ಮಂತ್ರವೇನಲ್ಲ. ಆಡಿನ ಮುಂಡವನ್ನು ನೀರು ತುಂಬಿದ ಉರುಳೆ ಎಂದು ಭಾವಿಸಿದರೆ ಭಾಜಕ 12,566 ಆಗಬೇಕು (4πಯ ಸಾವಿರ ಪಟ್ಟು). ತಲೆ, ಕತ್ತು, ಕಾಲುಗಳ ತೂಕ ಸೇರಿಸಿದ್ದರಿಂದ ಭಾಜಕ 10,800ಕ್ಕೆ ಇಳಿದಿದೆ. ತೂಕ ಗೊತ್ತಾದರೆ ಕಿಲೋ ದರ ಗೊತ್ತಾಗುತ್ತದೆ. ಹತ್ತು ವಾರ ಬರೆದಿಟ್ಟರೆ ನಿಮ್ಮದೇ ಬೆಲೆಪಟ್ಟಿ ಸಿದ್ಧ.

ಬೆಲೆಗೆ ಕಾಲಮಾನವಿದೆ. ಯುಗಾದಿಯ ಮರುದಿನದ ಹೊಸತೊಡಕು, ಊರಿನ ಮಾರಿಹಬ್ಬ, ಜಾತ್ರೆಗಳಲ್ಲಿ ಏರುತ್ತದೆ; ಶ್ರಾವಣದಲ್ಲಿ ಇಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಏರು ಬಕ್ರೀದಿನದು. ಯುಗಾದಿ ಪ್ರತಿ ವರ್ಷ ಮಾರ್ಚ್ ಏಪ್ರಿಲ್‌ಗಳ ನಡುವೆಯೇ ಬರುತ್ತದೆ, ಏಕೆಂದರೆ ನಮ್ಮ ಪಂಚಾಂಗ ಅಧಿಕಮಾಸ ಸೇರಿಸಿ ಚಾಂದ್ರಮಾನವನ್ನು ಸೂರ್ಯನೊಡನೆ ಸರಿಹೊಂದಿಸುತ್ತದೆ. ಹಿಜರಿ ಕ್ಯಾಲೆಂಡರಿನಲ್ಲಿ ಅಧಿಕಮಾಸವಿಲ್ಲ. ಅದರ ವರ್ಷ ಸುಮಾರು 354 ದಿನ. ಹಾಗಾಗಿ ಬಕ್ರೀದ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7. ಆ ಹಬ್ಬಕ್ಕೆ ಆಡಿಗೆ ಒಂದು ವರ್ಷ ತುಂಬಿರಬೇಕು. ಹನ್ನೆರಡು ತಿಂಗಳಿಗೆ ಗರ್ಭದ ಐದು ತಿಂಗಳು ಸೇರಿಸಿ. ಹೋತ ಬಿಡಬೇಕಾದುದು ಹಬ್ಬಕ್ಕೆ ಹದಿನೇಳು ತಿಂಗಳು ಮೊದಲು. ನಾಲ್ಕೈದು ವರ್ಷಗಳಲ್ಲಿ ಆ ತಿಂಗಳೇ ಬದಲಾಗಿಬಿಡುತ್ತದೆ. ಮಳೆಗಾಲದ ನಡುವೆ ಮರಿ ಹುಟ್ಟಿದರೆ ಸಾವು ಹೆಚ್ಚು. ಮಾಘದಲ್ಲಿ ಹುಟ್ಟಿದರೆ ಮೇವು ಬತ್ತುವ ಕಾಲದಲ್ಲಿ ತಾಯಿಗೆ ಹಾಲು ಕಡಿಮೆ. ಹಬ್ಬದ ಬೆಲೆ, ಮಳೆ, ಮೇವು ಮೂರೂ ಒಟ್ಟಿಗೆ ಅನುಕೂಲವಾಗುವ ವರ್ಷಗಳು ಕಡಿಮೆ. ಎಲ್ಲ ಮರಿಗಳನ್ನೂ ಒಂದೇ ಹಬ್ಬಕ್ಕೆಂದು ಸಾಕಬೇಡಿ.

ಅಂದು ಸಂಜೆ ಆರಕ್ಕೆ ಕುಳಿತ ನಾವು ಎದ್ದಾಗ ಹತ್ತು ಗಂಟೆ. ಅವನು ವರದಿಯನ್ನು ಚೀಲಕ್ಕೆ ಹಾಕಿಕೊಂಡ, ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಸೋಮವಾರ ಬ್ಯಾಂಕಿಗೆ ಹೋಗಲಿಲ್ಲ, ನೌಕರಿಯನ್ನೂ ಬಿಡಲಿಲ್ಲ. ಮೊದಲು ಬೇಲಿಗುಂಟ ಗ್ಲಿರಿಸಿಡಿಯಾ, ಅಗಸೆ ನೆಟ್ಟ. ಅರ್ಧ ಎಕರೆಗೆ ನೇಪಿಯರ್, ಬೇಲಿಮೆಂತೆ ಹಾಕಿದ. ಮೇವು ಕೈಗೆ ಬಂದ ಮೇಲೆ ಪಕ್ಕದ ಊರಿನ ಎರಡು ಮನೆಗಳಿಂದ ಆರು ಹೆಣ್ಣಾಡು ತಂದ. ನೋಡಿಕೊಳ್ಳುವುದು ತಾಯಿ, ವಾರದ ಕೊನೆಗೆ ಹೋಗಿ ಟೇಪು ಹಿಡಿದು ಅಳೆದು ನೋಟ್‌ಬುಕ್ಕಿಗೆ ಏರಿಸುವುದು ಇವನು.

ಕಳೆದ ತಿಂಗಳು ಆ ನೋಟ್‌ಬುಕ್ಕನ್ನು ತಂದು ತೋರಿಸಿದ. ಆರರಲ್ಲಿ ಐದು ಗಬ್ಬವಾದವು: 0.83. ಐದಕ್ಕೆ ಎಂಟು ಮರಿ: 1.6. ಎಂಟರಲ್ಲಿ ಉಳಿದದ್ದು ಆರು: 0.75. ನಮ್ಮ ಹಾಳೆಯ 0.85ನ್ನು ಅವನೇ ಹೊಡೆದು ಪಕ್ಕದಲ್ಲಿ ಇದನ್ನು ಬರೆದಿದ್ದ. ಸತ್ತ ಎರಡೂ ಮರಿಗಳು ಒಂದೇ ಮಳೆಯ ರಾತ್ರಿ, ಇರಚಲು ಹೊಡೆಯುವ ಮೂಲೆಯಲ್ಲಿ ಹುಟ್ಟಿದವು. ಆ ಕಡೆಗೆ ಈಗ ಗೋಣಿಯ ಪರದೆ ಕಟ್ಟಿದ್ದಾನಂತೆ. ಇನ್ನು ಒಂದು ಸೂಲು ನೋಡಿ, ಉಳಿವು 0.85 ದಾಟಿದರೆ ಹನ್ನೆರಡಕ್ಕೆ ಏರಿಸುವ ಯೋಚನೆ. ನೋಟ್‌ಬುಕ್ಕಿನೊಳಗೆ ಮಡಿಸಿಟ್ಟ ಒಂದು ಪಹಣಿಯೂ ಇತ್ತು. ತಾಯಿಯ ಎರಡು ಎಕರೆಯದು. ಋಣದ ಕಾಲಂ ಖಾಲಿ ಇತ್ತು.